ಟೈಗರ್ ಟ್ಯಾಂಕಿನ ಹೊಟ್ಟೆಯೊಳಗೆ ಏನಿತ್ತು? ಮಾಡೆಲ್ ಮಾಡುವವರಿಗೆ ಹುಡುಕುವ ದಾರಿ

ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕು ಟೈಗರ್‌ನ ನನ್ನ ಮೊದಲ ಮಾಡೆಲ್ ಈಗಲೂ ಬೀರುವಿನ ಮೇಲೆ ಕೂತಿದೆ. 1/35 ಅಳತೆಯದು (ಅಸಲಿಯ ಮೂವತ್ತೈದನೇ ಒಂದು ಪಾಲು), ಒಳಭಾಗವೆಲ್ಲ ಇರುವ ಕಿಟ್, ಎರಡೂವರೆ ತಿಂಗಳ ಕೆಲಸ. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಒಬ್ಬ ಗೆಳೆಯ ಮಾತ್ರ ಹ್ಯಾಚಿನೊಳಗೆ ಟಾರ್ಚ್ ಬಿಟ್ಟು, ತಿರುಗಿಸಿ ತಿರುಗಿಸಿ ನೋಡಿ, "ಅಲ್ಲ ಮಾರಾಯ, ಹೊರಗೆ ತೋಪಿನ ಪಕ್ಕ ಒಂದೇ ತೂತು ಇದೆ, ಒಳಗೆ ಗನ್ನರ್ ದುರ್ಬೀನಿಗೆ ಎರಡು ಕಣ್ಣು ಇಟ್ಟಿದ್ದೀಯಲ್ಲ" ಅಂದ. ಅವನು ಹೇಳಿದ್ದು ಸರಿ. ಟೈಗರ್‌ಗೆ ಮೊದಲು ಟಿಝಡ್‌ಎಫ್ 9ಬಿ ಅನ್ನುವ ಎರಡು ಕಣ್ಣಿನ ಗುರಿದುರ್ಬೀನು ಇತ್ತು, ಹೊರಗೆ ಅದಕ್ಕೆ ಎರಡು ತೂತು. 1944ರ ಏಪ್ರಿಲ್ ಹೊತ್ತಿಗೆ ಒಂದೇ ಕಣ್ಣಿನ 9ಸಿ ಬಂತು, ತೂತೂ ಒಂದಾಯಿತು. ನಾನು 1944ರ ಟ್ಯಾಂಕಿನ ಹೊರಗವಚದೊಳಗೆ 1943ರ ಟ್ಯಾಂಕಿನ ಕರುಳು ತುಂಬಿದ್ದೆ. ಕಿಟ್ ಪೆಟ್ಟಿಗೆಯಲ್ಲಿ ಎರಡೂ ಬಗೆಯ ಬಿಡಿಭಾಗ ಇದ್ದವು, ಸುಮ್ನೆ ಚೆನ್ನಾಗಿ ಕಂಡಿದ್ದನ್ನು ಅಂಟಿಸಿಬಿಟ್ಟಿದ್ದೆ.

ಆಮೇಲೆ ಅಂಟು ಬಾಟಲಿ ತೆಗೆಯುವ ಮೊದಲು ಹುಡುಕಾಟ ಮಾಡುವುದನ್ನು ಕಲಿತೆ. ಟೈಗರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಅದೇ ಯುದ್ಧದ ಇನ್ನೊಂದು ಜರ್ಮನ್ ಟ್ಯಾಂಕು ಪ್ಯಾಂಥರ್‌ಗೂ, ಮುಂದೆ ಚಕ್ರ ಹಿಂದೆ ಟ್ರ್ಯಾಕ್ ಇರುವ ಹಾಫ್‌ಟ್ರ್ಯಾಕ್ ಗಾಡಿಗೂ ಇದೇ ದಾರಿ ನಡೆಯುತ್ತದೆ.

ಮೊದಲು ತಿಂಗಳು, ಆಮೇಲೆ ಟ್ಯಾಂಕು

"ಟೈಗರ್ ಮಾಡ್ತಿದ್ದೀನಿ" ಅಂದರೆ ಸಾಲದು. ಯಾವ ತಿಂಗಳಿನ ಟೈಗರ್? ಜರ್ಮನಿಯ ಕಾಸೆಲ್ ಊರಿನ ಹೆನ್ಶೆಲ್ ಕಾರ್ಖಾನೆ 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ ಟೈಗರ್ 1 ತಯಾರಿಸಿತು. ಈ ಎರಡು ವರ್ಷ ಪೂರ್ತಿ ಏನಾದರೊಂದು ಬದಲಾಗುತ್ತಲೇ ಇತ್ತು. 251ನೇ ಟ್ಯಾಂಕಿನಿಂದ, ಅಂದರೆ 1943ರ ಮೇ ಹೊತ್ತಿಗೆ, ಮೇಬಾಕ್ ಎಚ್‌ಎಲ್ 210 ಎಂಜಿನ್ ಹೋಗಿ ಎಚ್‌ಎಲ್ 230 ಬಂತು. ಅದೇ ವರ್ಷ ಜುಲೈನಲ್ಲಿ ಡಬ್ಬದಂಥ ಕ್ಯುಪೋಲಾ (ಕಮಾಂಡರ್ ತಲೆಯ ಮೇಲೆ ಸುತ್ತ ನೋಡಲು ಇರುವ ಪುಟ್ಟ ಗೋಪುರ) ಹೋಗಿ, ಏಳು ಪೆರಿಸ್ಕೋಪ್ ಇರುವ ಹೊಸ ಕ್ಯುಪೋಲಾ ಬಂತು. ಹಳೆಯದರಲ್ಲಿ ಇದ್ದದ್ದು ಐದು ಸೀಳುಕಿಂಡಿ, ಅದರ ಹಿಂದೆ ದಪ್ಪ ಗಾಜು. ಕಮಾಂಡರ್ ಹ್ಯಾಚ್ ತೆರೆದಿಟ್ಟರೆ ಮೊದಲು ಕಣ್ಣಿಗೆ ಬೀಳುವುದೇ ಈ ಭಾಗ. ಅಲ್ಲಿ ತಪ್ಪಿದರೆ ಮುಚ್ಚಿಡಲು ಜಾಗವೇ ಇಲ್ಲ.

ಹಾಗಾಗಿ ನೀವು ಇಷ್ಟಪಟ್ಟ ಟ್ಯಾಂಕಿನ ಹೊರಗಿನ ಫೋಟೊ ಒಂದನ್ನು ಮುಂದಿಟ್ಟುಕೊಳ್ಳಿ. ಅದರ ವಯಸ್ಸು ಹೊರಗಿನಿಂದಲೇ ಗೊತ್ತಾಗುತ್ತದೆ. ಚಕ್ರಕ್ಕೆ ಹೊರಗೆ ರಬ್ಬರ್ ಪಟ್ಟಿ ಇದೆಯೋ, ಬರೀ ಉಕ್ಕಿನ ಚಕ್ರವೋ? ಉಕ್ಕಿನದಾದರೆ 1944ರ ಫೆಬ್ರವರಿಯ ನಂತರದ್ದು. ಮೈಮೇಲೆ ಗಾರೆ ಬಳಿದ ಹಾಗೆ ಗೀರುಗೀರಾದ ಝಿಮ್ಮೆರಿಟ್ ಅನ್ನುವ ಲೇಪ ಇದೆಯೋ? ಇದ್ದರೆ 1943ರ ದ್ವಿತೀಯಾರ್ಧದಿಂದ 1944ರ ಸೆಪ್ಟೆಂಬರ್ ಒಳಗೆ ಕಾರ್ಖಾನೆಯಿಂದ ಹೊರಟದ್ದು. ಟರೆಟ್ಟಿನ (ತೋಪು ಕೂತಿರುವ, ತಿರುಗುವ ಮೇಲ್ಭಾಗ) ಹಿಂಬದಿ ಬಲಗಡೆ ದುಂಡನೆ ತಪ್ಪಿಸಿಕೊಳ್ಳುವ ಹ್ಯಾಚ್ ಇದೆಯೋ, ಅಥವಾ ಬರೀ ಪಿಸ್ತೂಲು ತೂತೋ? ಹೀಗೆ ನಾಲ್ಕೈದು ಗುರುತು ಸಿಕ್ಕರೆ ಎರಡು ಮೂರು ತಿಂಗಳ ಅಂತರಕ್ಕೆ ತಂದು ನಿಲ್ಲಿಸಬಹುದು. ಆ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಎದುರಿಗೆ ಅಂಟಿಸಿ. ತಮಾಷೆ ಅಲ್ಲ, ಇಂಟರ್ನೆಟ್ಟಿನಲ್ಲಿ ಸಿಗುವ ನೂರಾರು ಒಳಭಾಗದ ಫೋಟೊಗಳಲ್ಲಿ ಮುಕ್ಕಾಲು ಪಾಲನ್ನು ಪಕ್ಕಕ್ಕೆ ತಳ್ಳಲು ಆ ಚೀಟಿ ಒಂದೇ ಸಾಕು.

ಪ್ಯಾಂಥರ್ ಮಾಡುವವರಿಗೆ ಒಂದು ಮಾತು. ಅದರ ಮಾದರಿಗಳು ಬಂದ ಕ್ರಮ ಡಿ, ಎ, ಜಿ. ಅಕ್ಷರಮಾಲೆ ನಂಬಿಕೊಂಡು ಎ ಮೊದಲು ಬಂತು ಅಂದುಕೊಳ್ಳಬೇಡಿ. ಜಿ ಮಾದರಿಯಲ್ಲಿ ಡ್ರೈವರನ ಮುಂದಿನ ಕಿಟಕಿಯನ್ನೇ ತೆಗೆದು ಪೆರಿಸ್ಕೋಪ್ ಕೊಟ್ಟರು, ಅಂದರೆ ಡ್ರೈವರನ ಮೂಲೆಯ ಚಿತ್ರವೇ ಬೇರೆ.

ಏನು ಕಾಣುತ್ತದೋ ಅಷ್ಟನ್ನೇ ಹುಡುಕಿ

ಈ ಹವ್ಯಾಸದಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪಿದು. ನಾನು ಗೇರ್‌ಬಾಕ್ಸಿನ ಕೆಳಗಿನ ಪೈಪುಗಳನ್ನು ಹುಡುಕುತ್ತಾ ಎರಡು ವಾರ ಕಳೆದಿದ್ದೆ. ಮೇಲಿನ ಮುಚ್ಚಳ ಅಂಟಿಸಿದ ದಿನ ಅದು ಶಾಶ್ವತವಾಗಿ ಕತ್ತಲಿಗೆ ಹೋಯಿತು.

ಆದ್ದರಿಂದ ಬಣ್ಣ ಹಚ್ಚುವ ಮೊದಲೇ ಕಿಟ್ಟಿನ ದೊಡ್ಡ ಭಾಗಗಳನ್ನು ಟೇಪು ಹಚ್ಚಿ ಸುಮ್ನೆ ಜೋಡಿಸಿ. ಯಾವ ಹ್ಯಾಚ್ ತೆರೆದಿಡುತ್ತೀರಿ ಅಂತ ತೀರ್ಮಾನಿಸಿ. ಟಾರ್ಚ್ ಬಿಟ್ಟು, ಫೋನ್ ಕ್ಯಾಮೆರಾವನ್ನು ಹ್ಯಾಚಿನ ಮೇಲಿಟ್ಟು ಎಲ್ಲ ಕೋನದಿಂದ ಫೋಟೊ ತೆಗೆಯಿರಿ. ಆ ಫೋಟೊಗಳಲ್ಲಿ ಕಂಡದ್ದೇ ನಿಮ್ಮ ಪಟ್ಟಿ. ಟೈಗರ್‌ನಲ್ಲಿ ಕಮಾಂಡರ್ ಹ್ಯಾಚಿನಿಂದ ಅವನ ಸೀಟು, ಟರೆಟ್ ತಿರುಗಿಸಲು ಅವನಿಗೆ ಕೊಟ್ಟಿದ್ದ ಕೈಚಕ್ರ, ತೋಪಿನ ಎಡಬದಿಯ ತಡೆಗಂಬಿ ಕಾಣುತ್ತವೆ. ಲೋಡರ್ ಹ್ಯಾಚಿನಿಂದ ಬ್ರೀಚಿನ (ಗುಂಡು ತುಂಬುವ ತೋಪಿನ ಹಿಂತುದಿ) ಬಲಮಗ್ಗುಲು, ತೋಪಿನ ಜೊತೆಗಿನ ಎಂಜಿ 34 ಮಷಿನ್‌ಗನ್, ಪಕ್ಕದಲ್ಲಿ ಸಾಲಾಗಿ ಮಲಗಿರುವ ಗುಂಡುಗಳು. ಡ್ರೈವರ್ ಹ್ಯಾಚಿನಿಂದ ಸ್ಟೀರಿಂಗು (ಹೌದು, ಟೈಗರ್‌ಗೆ ಕಾರಿನ ಹಾಗೆ ಸ್ಟೀರಿಂಗ್ ಚಕ್ರವೇ ಇತ್ತು), ಸೀಟಿನ ಬೆನ್ನು, ಮೀಟರ್ ಫಲಕ. ಅವನಿಗೂ ರೇಡಿಯೊ ಆಪರೇಟರ್‌ಗೂ ನಡುವೆ, ಗೇರ್‌ಬಾಕ್ಸಿನ ಮೇಲೆ ರೇಡಿಯೊ ಪೆಟ್ಟಿಗೆಗಳು. ಇಷ್ಟೇ. ಹತ್ತು ಹದಿನೈದು ವಸ್ತು ಆಗಬಹುದು. ಅವನ್ನು ಚೆನ್ನಾಗಿ ಹುಡುಕಿ, ಉಳಿದದ್ದಕ್ಕೆ ಕಿಟ್ಟಿನಲ್ಲಿ ಏನಿದೆಯೋ ಅದನ್ನೇ ಅಂಟಿಸಿ ಕೈತೊಳೆದುಕೊಳ್ಳಿ.

ಮ್ಯೂಸಿಯಂ ಟ್ಯಾಂಕು ಸುಳ್ಳು ಹೇಳುವುದಿಲ್ಲ, ಆದರೆ ಎಲ್ಲ ನಿಜವನ್ನೂ ಹೇಳುವುದಿಲ್ಲ

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಟೈಗರ್ ಅಂದ ಕೂಡಲೇ ಎಲ್ಲರೂ ಹೋಗುವುದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನ ಟೈಗರ್ 131ರ ಹತ್ತಿರ. 1943ರ ಫೆಬ್ರವರಿಯಲ್ಲಿ ತಯಾರಾದದ್ದು, ಅದೇ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿತು. ಈಗಲೂ ಓಡುತ್ತದೆ. ಒಳಗಿನ ವೀಡಿಯೊಗಳು ಬೇಕಾದಷ್ಟಿವೆ. ಆರಂಭದ ಟೈಗರ್‌ನ ಟರೆಟ್ ಒಳಭಾಗಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇನ್ನೊಂದಿಲ್ಲ ಅನ್ನಬಹುದು.

ಆದರೆ ಎಂಜಿನ್ ಮುಚ್ಚಳ ತೆರೆದ ವೀಡಿಯೊ ನೋಡಿ ಅದನ್ನೇ ನಕಲು ಮಾಡಿದಿರೋ, ಕೆಟ್ಟಿರಿ. ಈ ಟ್ಯಾಂಕಿನ ಮೂಲ ಎಂಜಿನ್ ಎಚ್‌ಎಲ್ 210. ಅದನ್ನು ಹಿಂದೆಯೇ ಪ್ರದರ್ಶನಕ್ಕಾಗಿ ಎರಡು ಹೋಳು ಮಾಡಿಬಿಟ್ಟಿದ್ದರು. 1990ರಲ್ಲಿ ಶುರುವಾದ ದುರಸ್ತಿಯಲ್ಲಿ ಮ್ಯೂಸಿಯಂನ ಇನ್ನೊಂದು ಟ್ಯಾಂಕ್, ಟೈಗರ್ 2ರಿಂದ ಎಚ್‌ಎಲ್ 230 ತೆಗೆದು ಇದಕ್ಕೆ ಹಾಕಿದರು. ಜೊತೆಗೆ ಬೆಂಕಿ ಆರಿಸುವ ಆಧುನಿಕ ವ್ಯವಸ್ಥೆಯನ್ನೂ ಕೂರಿಸಿದರು. ಅಂದರೆ 1943ರ ಫೆಬ್ರವರಿಯ ಟ್ಯಾಂಕಿನೊಳಗೆ ಆ ತಿಂಗಳಿನಲ್ಲಿ ಇರಲು ಸಾಧ್ಯವೇ ಇಲ್ಲದ ಎಂಜಿನ್. ಮ್ಯೂಸಿಯಂನವರ ತಪ್ಪೇನಿಲ್ಲ, ಅವರಿಗೆ ಟ್ಯಾಂಕು ಓಡಬೇಕಿತ್ತು. ನಮಗೆ ಬೇಕಾದದ್ದು ಬೇರೆ.

ಕೊನೆಯ ಕಾಲದ ಟೈಗರ್ ಬೇಕಾದರೆ ಫ್ರಾನ್ಸಿನ ಸೋಮ್ಯೂರ್ ಮ್ಯೂಸಿಯಂನಲ್ಲಿ 1944ರ, ಉಕ್ಕಿನ ಚಕ್ರದ ಟ್ಯಾಂಕು ಇದೆ. ಅಮೆರಿಕನ್ನರು ಟ್ಯುನೀಷಿಯಾದಿಂದ ಒಯ್ದ ಇನ್ನೊಂದು ಟೈಗರ್ ಇದೆ, ಒಳಗೇನಿದೆ ಅಂತ ತೋರಿಸಲು ಅದರ ಎಡಪಕ್ಕೆಯನ್ನೇ ಕತ್ತರಿಸಿ ತೆಗೆದಿದ್ದರು. ಹೊಟ್ಟೆ ಕುಯ್ದ ಆ ಟ್ಯಾಂಕಿನ ಹಳೆಯ ಫೋಟೊಗಳು ಕವಚದ ದಪ್ಪ ನೋಡಲು, ಒಳಗಿನ ಜಾಗ ಹೇಗೆ ಹಂಚಿಹೋಗಿದೆ ಅಂತ ತಿಳಿಯಲು ಬಲು ಉಪಯೋಗ.

ಪ್ಯಾಂಥರ್‌ನಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ಬೋವಿಂಗ್ಟನ್‌ನಲ್ಲಿರುವ ಪ್ಯಾಂಥರ್ ಯುದ್ಧ ಮುಗಿದ ಮೇಲೆ, 1945ರಲ್ಲಿ, ಬ್ರಿಟಿಷ್ ಸೇನೆಯ ಎಂಜಿನಿಯರುಗಳ ಉಸ್ತುವಾರಿಯಲ್ಲಿ ಜರ್ಮನ್ ಕಾರ್ಖಾನೆಯಲ್ಲಿ ಉಳಿದಿದ್ದ ಭಾಗಗಳಿಂದ ಜೋಡಿಸಿದ್ದು. ಭಾಗಗಳೆಲ್ಲ ಅಸಲಿಯೇ. ಆದರೆ "1944ರ ಸೆಪ್ಟೆಂಬರ್‌ನ ಪ್ಯಾಂಥರ್ ಹೀಗೇ ಇತ್ತು" ಅಂತ ಅದನ್ನು ತೋರಿಸಿ ವಾದ ಮಾಡಲಾಗದು.

ಎಲ್ಲಕ್ಕಿಂತ ದೊಡ್ಡ ಮೋಸ ಹಾಫ್‌ಟ್ರ್ಯಾಕ್ 251ರದು. ಸಿನಿಮಾಗಳಲ್ಲಿ, ಯುದ್ಧದ ಮರುಪ್ರದರ್ಶನಗಳಲ್ಲಿ ಜರ್ಮನ್ ಗುರುತು ಹಚ್ಚಿಕೊಂಡು ಓಡಾಡುವ ಎಷ್ಟೋ ಹಾಫ್‌ಟ್ರ್ಯಾಕುಗಳು ಜರ್ಮನ್ ಅಲ್ಲವೇ ಅಲ್ಲ. ಅವು ಜೆಕೊಸ್ಲೊವಾಕಿಯಾದಲ್ಲಿ 1950ರ ದಶಕದ ಕೊನೆಗೆ ಬಂದ ಒಟಿ-810. ಹೊರಗಿನಿಂದ ಅವಳಿಜವಳಿ ಹಾಗೆ ಕಾಣುತ್ತವೆ. ಜರ್ಮನ್ ಗಾಡಿಯಲ್ಲಿ ಮೇಬಾಕ್ ಪೆಟ್ರೋಲ್ ಎಂಜಿನ್, ಇದರಲ್ಲಿ ಟಾಟ್ರಾ ಡೀಸೆಲ್. ಜರ್ಮನ್ ಗಾಡಿಯ ಹಿಂಭಾಗಕ್ಕೆ ಸೂರಿಲ್ಲ, ಇದಕ್ಕೆ ಉಕ್ಕಿನ ಮುಚ್ಚಳವಿತ್ತು. ಆ ಮುಚ್ಚಳ ಕಿತ್ತು ಬಣ್ಣ ಹೊಡೆದುಬಿಟ್ಟರೆ ಫೋಟೊದಲ್ಲಿ ಕಂಡುಹಿಡಿಯಲು ಕಣ್ಣು ಪಳಗಿರಬೇಕು. ಹಾಗಾಗಿ ಗೋಡೆಯಂಚಿನಲ್ಲಿ ಕೀಲಿನ ಗುರುತು, ಕತ್ತರಿಸಿ ತಿಕ್ಕಿದ ಕಲೆ ಕಂಡರೆ ಆ ಫೋಟೊ ಬಿಟ್ಟುಬಿಡಿ.

ನಮ್ಮ ಹತ್ತಿರದಲ್ಲಿ ನೋಡುವಂಥದ್ದು ಏನೂ ಇಲ್ಲವಾ ಅಂದರೆ, ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಸೇನೆಯ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಟೈಗರ್ ಇಲ್ಲ. ಆದರೆ ಒಂದು ಜರ್ಮನ್ ಆರ್ಮರ್ಡ್ ಕಾರು, ಒಂದು 88 ಮಿಮೀ ತೋಪು ಇವೆ. ಹೋಗಿ ನೋಡಿ, ಆ ತೋಪಿನ ಗಾತ್ರ ಕಣ್ಣಿಗೆ ದಕ್ಕಿದರೆ ಮಾಡೆಲ್ ಮೇಲೆ ಕೈ ಬೇರೆ ಥರ ಓಡುತ್ತದೆ. ಆದರೆ ಅದರ ಬ್ರೀಚ್ ನೋಡಿಕೊಂಡು ಬಂದು ಟೈಗರ್‌ಗೆ ಹಾಕಬೇಡಿ! ವಿಮಾನ ಹೊಡೆಯುವ 88ರ ಬ್ರೀಚಿನ ಬಾಗಿಲು ಅಡ್ಡಕ್ಕೆ ಸರಿಯುತ್ತದೆ. ಟೈಗರ್‌ನ ಕೆಡಬ್ಲ್ಯುಕೆ 36 ತೋಪಿನದು ಕೆಳಕ್ಕೆ ಇಳಿಯುತ್ತದೆ. ಇಬ್ಬರೂ ಒಂದೇ ಮನೆತನ, ಆದರೆ ಬಾಗಿಲ ದಿಕ್ಕು ಬೇರೆ.

ಹಳೇ ಕಾಗದಗಳು

ಮ್ಯೂಸಿಯಂ ಆದ ಮೇಲೆ ಕಾಗದ. ಟೈಗರ್ ಸಿಬ್ಬಂದಿಗೆ ಜರ್ಮನ್ ಸೇನೆ 1943ರ ಆಗಸ್ಟ್ 1ರಂದು ಹೊರಡಿಸಿದ ಕೈಪಿಡಿ ಟೈಗರ್‌ಫಿಬೆಲ್. ಪದ್ಯ, ಕಾರ್ಟೂನು, ಹುಡುಗಿಯರ ಚಿತ್ರ ಎಲ್ಲ ಇರುವ ವಿಚಿತ್ರ ಸರ್ಕಾರಿ ಪುಸ್ತಕ. ಓದದೆ ಮಲಗಿಬಿಡುವ ಹುಡುಗರಿಗೆ ಅಂತ ಹಾಗೆ ಮಾಡಿದ್ದು. ಜರ್ಮನ್ ಬರದಿದ್ದರೂ ಚಿತ್ರಗಳಿಂದ ಯಾವ ಕೆಲಸ ಯಾರದ್ದು ಅಂತ ತಿಳಿಯುತ್ತದೆ. ಎರಡನೆಯದು, ಟೈಗರ್ ಬ್ರಿಟನ್ನಿಗೆ ಬಂದ ಮೇಲೆ ಚರ್ಟ್ಸಿಯ ಸ್ಕೂಲ್ ಆಫ್ ಟ್ಯಾಂಕ್ ಟೆಕ್ನಾಲಜಿಯವರು ಬಿಚ್ಚಿ ನೋಡಿ ಬರೆದ ವರದಿ. ನನ್ನ ಮಟ್ಟಿಗೆ ಇದು ಚಿನ್ನ. ಶತ್ರುವಿನ ಯಂತ್ರವನ್ನು ಬಿಚ್ಚುವವನು ಒಂದೊಂದು ಸಾಮಾನನ್ನೂ ಅನುಮಾನದಿಂದ ನೋಡುತ್ತಾನೆ, ಅಳೆಯುತ್ತಾನೆ, ಫೋಟೊ ತೆಗೆಯುತ್ತಾನೆ. ಮಾಡಿದವನು ಬರೆದ ಕೈಪಿಡಿಯಲ್ಲಿ "ಇದೆಲ್ಲ ಗೊತ್ತಿರುವುದೇ" ಅಂತ ಬಿಟ್ಟುಬಿಟ್ಟದ್ದೂ ಇದರಲ್ಲಿ ಸಿಗುತ್ತದೆ.

ಹುಡುಕುವಾಗ ಇಂಗ್ಲಿಷಿನಲ್ಲಿ ಮಾತ್ರ ಹುಡುಕಬೇಡಿ. ಅನುವಾದದ ಆ್ಯಪಿನಲ್ಲಿ "ಒಳಭಾಗ", "ಡ್ರೈವರ್ ಸೀಟು", "ಮದ್ದುಗುಂಡಿನ ಪೆಟ್ಟಿಗೆ" ಇವನ್ನು ಜರ್ಮನ್ನಿಗೂ ರಷ್ಯನ್ನಿಗೂ ತಿರುಗಿಸಿ, ಆ ಪದ ನಕಲು ಮಾಡಿ ಟ್ಯಾಂಕಿನ ಹೆಸರಿನ ಜೊತೆ ಹಾಕಿ. ನದಿ, ಜೌಗು ನೆಲದಿಂದ ಎತ್ತಿದ ಗಾಡಿಗಳ ಫೋಟೊಗಳು ಹೀಗೇ ಸಿಗುವುದು. ಅರ್ಧ ತುಕ್ಕು ತಿಂದಿದ್ದರೂ ಅವುಗಳ ಮೇಲೆ ಮ್ಯೂಸಿಯಂನವರ ಬ್ರಷ್ ಇನ್ನೂ ಬಿದ್ದಿರುವುದಿಲ್ಲ, ಅಲ್ವಾ?

ಯುದ್ಧಕಾಲದ ಫೋಟೊ ನೋಡುವ ಬಗೆ

ಜರ್ಮನಿಯ ಸರ್ಕಾರಿ ದಾಖಲೆಸಂಗ್ರಹ ಬುಂಡೆಸ್‌ಆರ್ಕೀವ್‌ನವರು 2008ರ ಡಿಸೆಂಬರ್‌ನಲ್ಲಿ 80 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಕೊಟ್ಟರು. ಸೈಜು ಚಿಕ್ಕದು, ಆದರೆ ಉಚಿತ. ಇವುಗಳಲ್ಲಿ ಯುದ್ಧದ ಟ್ಯಾಂಕುಗಳ ಚಿತ್ರಗಳೆಲ್ಲ ಬಹುಪಾಲು ಪ್ರಚಾರ ವಿಭಾಗದ ಫೋಟೊಗ್ರಾಫರುಗಳು ತೆಗೆದದ್ದು ಅನ್ನುವುದು ನೆನಪಿರಲಿ. ನಗುತ್ತಿರುವ ಸಿಬ್ಬಂದಿ, ಫಳಫಳ ಹೊಳೆಯುವ ಗುಂಡುಗಳು, ಎಲ್ಲ ಒಪ್ಪವಾಗಿ ಜೋಡಿಸಿಟ್ಟ ಚಿತ್ರ ಕಂಡರೆ "ಫೋಟೊಗೆ ನಿಂತಿದ್ದಾರೆ" ಅಂತಲೇ ಓದಿಕೊಳ್ಳಿ.

ಒಳಗೆ ತೆಗೆದ ಚಿತ್ರಗಳು ಕಡಿಮೆ, ಕತ್ತಲೆಯಲ್ವಾ. ಹೊರಗಿನ ಚಿತ್ರಗಳನ್ನೇ ಹಿಡಿದು ತೆರೆದ ಹ್ಯಾಚುಗಳನ್ನು ದೊಡ್ಡದು ಮಾಡಿ ನೋಡಿ. ಗುಂಡು ತುಂಬುತ್ತಿರುವ, ಎಂಜಿನ್ ಎತ್ತುತ್ತಿರುವ, ಟರೆಟ್ ಕಳಚಿದ ಚಿತ್ರಗಳಿಗೆ ನೂರು ಮಾರ್ಕು.

ಕೆಲವು ಚಿತ್ರಗಳು ಎಡಬಲ ತಿರುವುಮುರುವಾಗಿ ಅಚ್ಚಾಗಿರುತ್ತವೆ. ಟೈಗರ್‌ನಲ್ಲಿ ಡ್ರೈವರ್ ಎಡಕ್ಕೆ, ರೇಡಿಯೊದವನು ಬಲಕ್ಕೆ. ಮೇಲೆ ಗನ್ನರ್ ಎಡಕ್ಕೆ, ಅವನ ಹಿಂದೆ ಕಮಾಂಡರ್, ಲೋಡರ್ ಬಲಕ್ಕೆ. ಕ್ಯುಪೋಲಾ ಬಲಗಡೆ ಕಂಡರೆ ಚಿತ್ರವೇ ಉಲ್ಟಾ.

ಅಳತೆ

ವರ್ನಿಯರ್ ಕ್ಯಾಲಿಪರ್ ಒಂದು ಇಟ್ಟುಕೊಳ್ಳಿ, ಎಲೆಕ್ಟ್ರಾನಿಕ್ ಬೇಕಂತಿಲ್ಲ. ಅಸಲಿ ಅಳತೆಯನ್ನು 35ರಿಂದ ಭಾಗಿಸಿದರೆ ಆಯಿತು. 88 ಮಿಮೀ ಗುಂಡಿನ ಅಡ್ಡಳತೆ 1/35ರಲ್ಲಿ 2.5 ಮಿಮೀ. ಅದರ ಹಿಂದಿನ ಲೋಹದ ಕೋಶ 571 ಮಿಮೀ ಉದ್ದ, ಮಾಡೆಲ್‌ನಲ್ಲಿ 16.3. ಎಂಜಿ 34 ಉದ್ದ 1219 ಮಿಮೀ, ಮಾಡೆಲ್‌ನಲ್ಲಿ 34.8.

ಅಳತೆ ಗೊತ್ತಿಲ್ಲದ ಪೆಟ್ಟಿಗೆಯನ್ನು ಫೋಟೊದಲ್ಲಿ ಅಳೆಯಲು ಇವೇ ಗಜಕೋಲು. ಪಕ್ಕದಲ್ಲಿ ಗುಂಡು ಇದೆಯಾ? ಗುಂಡಿನ ದಪ್ಪದ ಎಷ್ಟು ಪಟ್ಟು ಪೆಟ್ಟಿಗೆ ಇದೆ ಅಂತ ಪರದೆಯ ಮೇಲೆ ಸ್ಕೇಲಿಟ್ಟು ನೋಡಿ. ಆದರೆ ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ಒಂದು ಅರ್ಧ ಅಡಿ ಹಿಂದೆ ಸರಿದಿದ್ದರೂ ಇಂಥ ಇಕ್ಕಟ್ಟು ಜಾಗದಲ್ಲಿ ಲೆಕ್ಕ ಕೈಕೊಡುತ್ತದೆ.

ಇನ್ನು ಪ್ಲಾಸ್ಟಿಕ್ಕಿನ ದಪ್ಪ. ಟೈಗರ್‌ನ ಮೇಲಿನ ಪಕ್ಕದ ಕವಚ 80 ಮಿಮೀ, ಅಂದರೆ 2.3. ಕೆಳಗಿನ ಪಕ್ಕ 60, ಅಂದರೆ 1.7. ಟರೆಟ್ ಸೂರು ಮೊದಲಿಗೆ 25 ಮಿಮೀ ಮಾತ್ರ, ಮಾಡೆಲ್‌ನಲ್ಲಿ 0.7. ಒಳಭಾಗವಿಲ್ಲದ ಕಿಟ್ಟಿಗೆ ನೀವೇ ಒಳಭಾಗ ಮಾಡುವುದಾದರೆ ಮೊದಲು ಆ ಪ್ಲಾಸ್ಟಿಕ್ ಎಷ್ಟು ದಪ್ಪ ಇದೆ ಅಂತ ಅಳೆದುಬಿಡಿ. ಸೂರು ಒಂದು ಮಿಮೀಗಿಂತ ದಪ್ಪ ಇದ್ದರೆ ಹ್ಯಾಚಿನ ಅಂಚನ್ನಾದರೂ ಒಳಗಿನಿಂದ ಕೆರೆದು ತೆಳ್ಳಗೆ ಮಾಡಿ, ಕಣ್ಣಿಗೆ ಕಾಣುವುದು ಅದೇ. ಅಂದಹಾಗೆ ಈ 1/35 ಅನ್ನುವ ಅಳತೆ ಹುಟ್ಟಿದ್ದೇ ಹೊಟ್ಟೆಯ ಲೆಕ್ಕದಿಂದ. 1960ರ ದಶಕದ ಆರಂಭದಲ್ಲಿ ಟಾಮಿಯಾ ಕಂಪನಿಯವರು ತಮ್ಮ ಪ್ಯಾಂಥರ್ ಒಳಗೆ ಮೋಟರು, ಬ್ಯಾಟರಿ ಹಿಡಿಸುವಷ್ಟು ಗಾತ್ರ ಇಟ್ಟರು, ಆಮೇಲೆ ಅಳೆದರೆ ಹೆಚ್ಚುಕಡಿಮೆ 1/35 ಬಂತು.

ಗುಂಡು ಎಷ್ಟು, ಎಲ್ಲಿ ಅನ್ನುವುದನ್ನೂ ಲೆಕ್ಕ ಹಾಕಿ. ಟೈಗರ್‌ಗೆ 92 ಗುಂಡು. ಅದರಲ್ಲಿ 64 ಟ್ರ್ಯಾಕಿನ ಮೇಲಿನ ಪಕ್ಕದ ಗೂಡುಗಳಲ್ಲಿ, ಹದಿನಾರರಂತೆ ನಾಲ್ಕು ಕಡೆ. ಉಳಿದವು ಕೆಳಗೆ ಚಿಕ್ಕ ಪೆಟ್ಟಿಗೆಗಳಲ್ಲಿ.

ಬಣ್ಣ: ಹೆಸರು ನಂಬಬೇಡಿ

ಮುಚ್ಚಿದ ಟ್ಯಾಂಕಿಗೆ ಸಾಮಾನ್ಯ ನಿಯಮ ಹೀಗೆ. ಮೇಲರ್ಧ ದಂತದ ಬಣ್ಣ, ಕತ್ತಲೆಯೊಳಗೆ ಬೆಳಕು ಹರಡಲಿ ಅಂತ. ನೆಲ, ಕೆಳಭಾಗ, ಎಂಜಿನ್ ಕೋಣೆ ಇಟ್ಟಿಗೆ ಕೆಂಪಿನ ಪ್ರೈಮರ್. ಹ್ಯಾಚ್ ಬಾಗಿಲಿನ ಒಳಮೈಗೆ ಮಾತ್ರ ಹೊರಗಿನ ಬಣ್ಣ, ಯಾಕೆಂದರೆ ಬಾಗಿಲು ತೆರೆದರೆ ಬಿಳಿ ಮಿಂಚಿ ಶತ್ರುವಿಗೆ ಕಾಣಬಾರದು. ಸೂರಿಲ್ಲದ ಹಾಫ್‌ಟ್ರ್ಯಾಕಿನಂಥವಕ್ಕೆ ಒಳಗೂ ಹೊರಗಿನ ಬಣ್ಣವೇ. ಆ ಹೊರಗಿನ ಬಣ್ಣ 1943ರ ಫೆಬ್ರವರಿಯಲ್ಲಿ ಕಡುಬೂದಿಯಿಂದ ಕಡುಹಳದಿಗೆ ಬದಲಾಯಿತು. ಮತ್ತೆ ಆ ಚೀಟಿಯ ತಿಂಗಳು ನೋಡಿ.

ದಂತದ ಬಣ್ಣಕ್ಕೆ ರಾಲ್ ಅನ್ನುವ ಜರ್ಮನ್ ಬಣ್ಣಪಟ್ಟಿಯಲ್ಲಿ ಆಗಿನ ಸಂಖ್ಯೆ 1001, ಹೆಸರು ಎಲ್ಫೆನ್‌ಬೈನ್. ಈಗಿನ ರಾಲ್ ಪಟ್ಟಿಯಲ್ಲಿ 1001ಕ್ಕೆ ಬೇಜ್ ಅನ್ನುತ್ತಾರೆ, ಎಲ್ಫೆನ್‌ಬೈನ್ ಅನ್ನುವ ಹೆಸರು 1014ಕ್ಕೆ ಹೋಗಿದೆ. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿದರೆ ಬೇರೆಯದೇ ಬಣ್ಣ ಕೈಗೆ ಬರುತ್ತದೆ. ಮಾಡೆಲ್ ಪೇಂಟ್ ಕೊಳ್ಳುವಾಗ "ಜರ್ಮನ್ ಟ್ಯಾಂಕ್ ಒಳಭಾಗ" ಅಂತಲೇ ಬರೆದಿರುವುದನ್ನು ತೆಗೆದುಕೊಳ್ಳಿ, ಒಂದು ಚಮಚದ ಮೇಲೆ ಹಚ್ಚಿ ಒಣಗಿಸಿ ನೋಡಿ. ನಾನು ಒಮ್ಮೆ ಇಡೀ ಒಳಭಾಗವನ್ನು, ನೆಲವನ್ನೂ ಸೇರಿಸಿ, ಬಿಳಿ ಮಾಡಿಬಿಟ್ಟಿದ್ದೆ, ಆಪರೇಷನ್ ಥಿಯೇಟರ್ ಹಾಗೆ ಕಾಣುತ್ತಿತ್ತು.

ಪುಸ್ತಕದಲ್ಲಿ ಮೂರು ಗುರುತು

ಕೊನೆಯ ಹೆಜ್ಜೆ ಒಂದು ನೋಟ್‌ಬುಕ್. ನಿಮ್ಮ ಪಟ್ಟಿಯ ಪ್ರತಿ ವಸ್ತುವಿಗೆ ಒಂದು ಸಾಲು, ಸಾಲಿನ ಕೊನೆಗೆ ಒಂದು ಅಕ್ಷರ. ಯುದ್ಧಕಾಲದ ಫೋಟೊ ಅಥವಾ ಕಾಗದದಲ್ಲಿ ಕಂಡಿದ್ದರೆ "ಕ". ಮ್ಯೂಸಿಯಂ ಟ್ಯಾಂಕಿನಲ್ಲಿ ಮಾತ್ರ ಕಂಡಿದ್ದರೆ "ಮ". ನನ್ನದೇ ಅಂದಾಜಾದರೆ "ಊ". ಕಿಟ್ಟಿನ ಸೂಚನೆಗೂ ನಾನು "ಮ" ಅಂತಲೇ ಹಾಕುತ್ತೇನೆ, ಕಿಟ್ ಮಾಡುವವರೂ ಎಷ್ಟೋ ಸಲ ಅದೇ ಮ್ಯೂಸಿಯಂಗೆ ಹೋಗಿ ಅಳೆದು ಬಂದವರಲ್ವಾ. ಹ್ಯಾಚಿನ ನೇರ ಕೆಳಗೆ ಬರುವ ವಸ್ತುಗಳಿಗೆ "ಊ" ಇದ್ದರೆ ಇನ್ನೊಂದು ವಾರ ಹುಡುಕುತ್ತೇನೆ. ಮೂಲೆಯಲ್ಲಿರುವುದಾದರೆ ಹಾಗೇ ಬಿಡುತ್ತೇನೆ.

ಹುಡುಕಾಟಕ್ಕೂ ಒಂದು ಕೊನೆಯ ದಿನ ಹಾಕಿಕೊಳ್ಳಿ, ಕ್ಯಾಲೆಂಡರಿನಲ್ಲೇ ಗುರುತು ಮಾಡಿ. ನನ್ನ ಎರಡನೇ ಟೈಗರ್, 1943ರ ಏಪ್ರಿಲ್‌ದು, ಹಾಗೇ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಇನ್ನೂ ನಾಲ್ಕು "ಊ" ಇದ್ದವು. ಮೂರು ಎಲ್ಲಿವೆ ಅಂತ ಹೇಳುವುದಿಲ್ಲ. ನಾಲ್ಕನೆಯದು ಲೋಡರ್ ಸೀಟಿನ ಬೆಲ್ಟು, ಹಳೇ ಬ್ಯಾಗಿನ ಪಟ್ಟಿಯಿಂದ ಕತ್ತರಿಸಿದ್ದು. ಗೆಳೆಯ ಮತ್ತೆ ಟಾರ್ಚ್ ಹಿಡಿದುಕೊಂಡು ಬಂದ, ಬಹಳ ಹೊತ್ತು ನೋಡಿದ, ದುರ್ಬೀನಿನ ಎರಡು ಕಣ್ಣು ಎಣಿಸಿದ, ಹೊರಗಿನ ಎರಡು ತೂತು ಎಣಿಸಿದ, ಕಾಫಿ ಕುಡಿದು ಹೋದ.